ಕುಯ್ಲು ಮುಗಿಸಿ ಪುದುಚೇರಿಗೆ

ಪುದುಚೇರಿಗೆ ಹೋಗೋಣ ಎಂದು ಮಗಳು ಹಠ ಹಿಡಿದು ಎರಡು ವರ್ಷವಾಗಿತ್ತು. ಬೆಂಗಳೂರಲ್ಲಿ ಕೆಲಸ ಮಾಡುವವಳು, ಅವಳಿಗೆ ಶನಿವಾರ ಭಾನುವಾರ ಸಿಕ್ಕರೆ ಸಾಕು. ನಮಗೆ ಹಾಗಲ್ಲ. ಸೋಮವಾರಪೇಟೆ ಹತ್ತಿರ ಸಣ್ಣ ತೋಟ, ಅರೇಬಿಕಾ ಕಾಫಿ ಮತ್ತು ಕರಿಮೆಣಸು. ನವೆಂಬರ್‌ನಿಂದ ಹಣ್ಣು ಕುಯ್ಲು, ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸುವುದು, ಕಣದಲ್ಲಿ ಒಣಗಿಸುವುದು. ಅದು ಮುಗಿಯಿತು ಅನ್ನುವಷ್ಟರಲ್ಲಿ ಮೆಣಸಿಗೆ ಏಣಿ ಹಾಕಬೇಕು. ನಡುವೆ ಸಿಗುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ.

ಮೊದಲ ಸಲ ತಪ್ಪಿದ್ದು ಮಳೆ ಲೆಕ್ಕದಲ್ಲಿ. ನಮಗೆ ಮಳೆ ಅಂದ್ರೆ ಜೂನ್, ಜುಲೈ. ಆ ಕರಾವಳಿಗೆ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹಿಂಗಾರು. ಅದು ತಲೆಗೆ ಹೋಗದೆ 2024ರ ಡಿಸೆಂಬರ್ ಮೊದಲ ವಾರಕ್ಕೆ ರೂಮು ಹಿಡಿದೆವು. ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರವೇ ದಡ ಹತ್ತಿತು. ಊರೆಲ್ಲ ನೀರು. ಹೋಗುವ ಮಾತೇ ಇರಲಿಲ್ಲ. ಕೊಟ್ಟ ಮುಂಗಡ ಲಾಡ್ಜಿನವರು ವಾಪಸ್ ಕೊಡಲಿಲ್ಲ. ಆಮೇಲಿಂದ ನಾನು, ರದ್ದು ಮಾಡಿದರೆ ಹಣ ಬರುತ್ತದೆ ಎಂದು ಬರೆದು ಕೊಡದ ಕಡೆ ರೂಮು ಹಿಡಿಯುವುದಿಲ್ಲ.

ಆಮೇಲೆ 2026ರ ಜನವರಿ ಅಂತ ಗೊತ್ತು ಮಾಡಿಕೊಂಡೆವು. ಮಳೆ ಹೋಗಿರುತ್ತದೆ, ಬಿಸಿಲು ಸುಡುವುದಿಲ್ಲ. ಆದರೆ 15ಕ್ಕೆ ಪೊಂಗಲ್, ಆ ವಾರ ತಮಿಳುನಾಡೆಲ್ಲ ರಸ್ತೆಯ ಮೇಲಿರುತ್ತದೆ. 26 ಸೋಮವಾರ, ಮೂರು ದಿನದ ರಜೆ. ಆಗ ಚೆನ್ನೈ, ಬೆಂಗಳೂರಿನವರು ಬಂದು ತುಂಬುತ್ತಾರೆ. ನಡುವೆ 19ರಿಂದ 23, ಸೋಮವಾರದಿಂದ ಶುಕ್ರವಾರ. ವಾರದ ದಿನಗಳಲ್ಲಿ ರೂಮಿನ ಬಾಡಿಗೆ ಎಷ್ಟು ಕಡಿಮೆ ಅಂತ ಫೋನ್ ಮಾಡಿದಾಗಲೇ ಗೊತ್ತಾಗಿದ್ದು.

ಈ ತಾರೀಕಿಗೆ ಇನ್ನೊಂದು ಕಾರಣವೂ ಇತ್ತು. ವಿಷಯ ಕೇಳಿದ ನಮ್ಮ ಅತ್ತೆ, "ಅಲ್ಲಿಂದ ಕಾವೇರಿ ಸಮುದ್ರ ಸೇರುವ ಜಾಗ ಹತ್ತಿರವಾ?" ಎಂದರು. "ಹುಟ್ಟುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸೇರುವುದನ್ನು ಒಂದು ಸಲ ನೋಡ್ಬೇಕು." ಆ ಜಾಗ ಪೂಂಪುಹಾರ್. ಪುದುಚೇರಿಯಿಂದ ತೆಂಕಕ್ಕೆ, ಕಡಲೂರು, ಚಿದಂಬರಂ, ಸೀರ್ಕಾಳಿ ದಾಟಿ ಮೂರು ಗಂಟೆ ದಾರಿ. ಕಾವೇರಿಯ ಮೆಟ್ಟೂರು ಅಣೆಕಟ್ಟಿನಿಂದ ಆ ಕಡೆಯ ಗದ್ದೆಗಳಿಗೆ ನೀರು ಬಿಡುವುದು ವಾಡಿಕೆಯಂತೆ ಜೂನ್ 12ರಿಂದ ಜನವರಿ 28ರವರೆಗೆ. ಮಾರ್ಚ್‌ನಲ್ಲಿ ಹೋದರೆ ಅತ್ತೆಗೆ ಮರಳು ತೋರಿಸಬೇಕಾಗುತ್ತಿತ್ತು.

ರೂಮಿನ ವಿಚಾರಕ್ಕೆ ಜಾಸ್ತಿ ಹೊತ್ತು ಕೊಟ್ಟೆ. ಊರನ್ನು ಒಂದು ಕಾಲುವೆ ಎರಡು ಮಾಡಿದೆ. ಸಮುದ್ರದ ಕಡೆ ಫ್ರೆಂಚರು ಕಟ್ಟಿದ ಬೀದಿಗಳು, ಸಾಸಿವೆ ಹಳದಿ ಗೋಡೆ, ಕಾಗದದ ಹೂವಿನ ಬಳ್ಳಿ. ಈಚೆ ಕಡೆ ತಮಿಳರ ಬೀದಿಗಳು. ಫೋಟೊ ನೋಡಿ ಮಗಳು ಹಳದಿ ಮನೆಯೇ ಬೇಕೆಂದಳು. ನಾನು ಒಂದೊಂದಕ್ಕೂ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿದೆ: ನೆಲಮಹಡಿಯಲ್ಲಿ ರೂಮು ಇದೆಯಾ, ಬಾಗಿಲಿಗೆ ಎಷ್ಟು ಮೆಟ್ಟಿಲು, ಕಾರು ಎಲ್ಲಿ ನಿಲ್ಲಿಸುವುದು. ಹಳೇ ಮನೆಗಳಲ್ಲಿ ಲಿಫ್ಟ್ ಇರುವುದಿಲ್ಲ, ಅತ್ತೆಗೆ ಮಂಡಿ ನೋವು. ಕೊನೆಗೆ ಸಿಕ್ಕಿದ್ದು ತಮಿಳರ ಬೀದಿಯ ಒಂದು ಹಳೇ ಮನೆ. ಬೀದಿಗೆ ಜಗಲಿ, ಅದಕ್ಕೆ ಮರದ ಕಂಬ. ಅಲ್ಲಿ ಅದನ್ನು ತಿಣ್ಣೈ ಅನ್ನುತ್ತಾರೆ. ಅತ್ತೆ ನಮ್ಮ ಮನೆಯ ಜಗಲಿಯಲ್ಲಿ ಕೂತಂತೆ ಕಾಲು ಚಾಚಿ ಕೂತುಬಿಟ್ಟರು. ನನಗೆ ಅರ್ಧ ಪ್ರವಾಸ ಅಲ್ಲೇ ಸಾರ್ಥಕವಾಯಿತು.

ದಾರಿ ಸುಲಭ. ಭಾನುವಾರ ಬೆಂಗಳೂರಲ್ಲಿ ಮಗಳ ಮನೆಯಲ್ಲಿ ಮಲಗಿ, ಬೆಳಿಗ್ಗೆ ಕೃಷ್ಣಗಿರಿ, ತಿರುವಣ್ಣಾಮಲೈ, ತಿಂಡಿವನಂ ಮೇಲೆ ಮಧ್ಯಾಹ್ನಕ್ಕೆ ಮುಟ್ಟಿದೆವು.

ನಮ್ಮ ಕಡೆಯವರು ಕಡಲು ನೋಡುವುದು ಮಂಗಳೂರು, ಕಣ್ಣೂರಲ್ಲಿ. ಅಲ್ಲಿ ಸೂರ್ಯ ಮುಳುಗುತ್ತಾನೆ. ಇಲ್ಲಿ ಹುಟ್ಟುತ್ತಾನೆ. ಕಡಲ ದಂಡೆಯ ರಸ್ತೆಗೆ ಸಂಜೆಯಿಂದ ಬೆಳಿಗ್ಗೆ ಏಳೂವರೆವರೆಗೆ ಗಾಡಿ ಬಿಡುವುದಿಲ್ಲ. ಆರು ಗಂಟೆಗೆ ಅಲ್ಲಿದ್ದೆವು. ದಂಡೆ ಉದ್ದಕ್ಕೂ ಕರೀ ಬಂಡೆಗಳ ರಾಶಿ, ಮರಳು ಕಡಿಮೆ. ನೀರಿಗೆ ಇಳಿಯುವ ಆಸೆ ಇಟ್ಟುಕೊಂಡು ಹೋಗಬೇಡಿ, ಇದು ನಡೆಯುವ ಜಾಗ. ಗಾಂಧಿ ಪ್ರತಿಮೆ ಹತ್ತಿರ ಕೂತೆವು. ಪಕ್ಕದಲ್ಲಿ ಬುರ್ಖಾ ಹಾಕಿದ ಇಬ್ಬರು ಅಕ್ಕಂದಿರು ವಾಕಿಂಗ್ ಮುಗಿಸಿ ಸುಂಡಲ್ ತಿನ್ನುತ್ತಿದ್ದರು. ಬಿಳಿ ಪಂಚೆಯ ಒಬ್ಬ ಅಜ್ಜ ಗೆಳೆಯನ ಜೊತೆ ಫ್ರೆಂಚಿನಲ್ಲಿ ಮಾತಾಡಿಕೊಂಡು ಹೋದರು. ಬೀದಿ ಹೆಸರುಗಳೂ ಹಾಗೇ, ಒಂದೇ ಫಲಕದಲ್ಲಿ ಫ್ರೆಂಚ್ ಮತ್ತು ತಮಿಳು. 1954ರ ನವೆಂಬರ್ 1ರಂದು ಫ್ರೆಂಚರು ಅಧಿಕಾರ ಬಿಟ್ಟುಕೊಟ್ಟರು. ಭಾಷೆ ಮಾತ್ರ ಕೆಲವು ಮನೆಗಳಲ್ಲಿ ಉಳಿದುಕೊಂಡಿದೆ.

ಹನ್ನೊಂದರಿಂದ ನಾಲ್ಕು ಗಂಟೆವರೆಗೆ ಏನನ್ನೂ ಇಟ್ಟುಕೊಳ್ಳಲಿಲ್ಲ. ಕೊಡಗಿನ ತಂಪಿಗೆ ಒಗ್ಗಿದ ಮೈಗೆ ಜನವರಿ ಬಿಸಿಲೂ ಸಾಕಾಗುತ್ತದೆ. ಊಟ, ನಿದ್ದೆ. ಮಣಕುಳ ವಿನಾಯಗರ್ ಗುಡಿಯನ್ನೂ ಅರವಿಂದಾಶ್ರಮವನ್ನೂ ಬೆಳಿಗ್ಗೆಯೇ ಮುಗಿಸಿದೆವು, ಎರಡೂ ನಡೆಯುವಷ್ಟು ಹತ್ತಿರ. ಮರಳಿನ ಆಸೆ ಇದ್ದ ಮಗಳು ಒಂದು ದಿನ ಚುನ್ನಂಬಾರ್‌ನಿಂದ ದೋಣಿಯಲ್ಲಿ ಪ್ಯಾರಡೈಸ್ ಬೀಚಿಗೆ ಹೋಗಿ ಬಂದಳು.

ಗುರುವಾರ ಪೂಂಪುಹಾರ್. ಬೆಳಿಗ್ಗೆ ಐದಕ್ಕೇ ಹೊರಟೆವು. ಚಿದಂಬರಂ ನಟರಾಜನ ಗುಡಿ ಮಧ್ಯಾಹ್ನ ಬಾಗಿಲು ಹಾಕುತ್ತದೆ, ಅದಕ್ಕೆ ಅಲ್ಲಿ ಮೊದಲು ದರ್ಶನ. ಆಮೇಲೆ ಎರಡೂ ಕಡೆ ಗದ್ದೆ, ಗದ್ದೆ, ಅಲ್ಲಲ್ಲಿ ಸಣ್ಣ ಕಾಲುವೆ. ಪೂಂಪುಹಾರ್ ಮೀನುಗಾರರ ಊರು. ಹೊಳೆ ನೋಡಿ ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕುಶಾಲನಗರದ ಸೇತುವೆಯಡಿ ಇರುವಷ್ಟೂ ಅಗಲವಿಲ್ಲ. "ಇದೇನಾ?" ಎಂದರು. ನಮ್ಮ ಯಜಮಾನರು ವಿವರಿಸಿದರು: ತಿರುಚ್ಚಿ ಹತ್ತಿರ ಹೊಳೆ ಒಡೆದು ಕೊಳ್ಳಿಡಂ ಅನ್ನುವ ಕವಲು ಬೇರೆಯಾಗುತ್ತದೆ, ಕಲ್ಲಣೈ ಅಣೆಕಟ್ಟು ದಾಟಿದ ಮೇಲೆ ಉಳಿದದ್ದೂ ಕವಲಾಗಿ ಗದ್ದೆಗಳಿಗೆ ಹೋಗುತ್ತದೆ. ಅತ್ತೆ ತಲೆ ಅಲ್ಲಾಡಿಸಿದರು. "ಎಲ್ಲರಿಗೂ ಕೊಟ್ಟು ಬಂದಿದ್ದಾಳೆ."

ಬ್ಯಾಗಿನಿಂದ ಬಟ್ಟೆ ಸುತ್ತಿದ ತಾಮ್ರದ ಗಿಂಡಿ ತೆಗೆದರು. ಅಕ್ಟೋಬರ್ ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದಿದ್ದ ತೀರ್ಥ. ಬಾಯಿಗೆ ಬಾಳೆ ಎಲೆ ಇಟ್ಟು ದಾರದಲ್ಲಿ ಬಿಗಿದಿದ್ದರು. ನಮಗೆ ಯಾರಿಗೂ ಹೇಳಿರಲಿಲ್ಲ. ಹೂ ಮಾರುವ ಹೆಂಗಸೊಬ್ಬಳು ಹತ್ತಿರ ಬಂದು ತಮಿಳಲ್ಲಿ ಏನೋ ಕೇಳಿದಳು. ಅತ್ತೆ ಗಿಂಡಿ ತೋರಿಸಿ "ಕಾವೇರಿ, ತಲಕಾವೇರಿ" ಎಂದರು. ಅವಳು ಚಪ್ಪಲಿ ಬಿಟ್ಟು ಕೈ ಒಡ್ಡಿದಳು. ಒಂದು ಉದ್ಧರಣೆಯಷ್ಟು ಅವಳ ಕೈಗೆ, ಉಳಿದದ್ದು ಹೊಳೆಗೆ. ಹೂವಿಗೆ ದುಡ್ಡು ಕೊಡಲು ಹೋದರೆ ಅವಳು ತೆಗೆದುಕೊಳ್ಳಲಿಲ್ಲ.

ಒಂದು ತಪ್ಪಾಯಿತು. ಅದೇ ದಿನ ಪುದುಚೇರಿಗೆ ಮರಳಿದೆವು. ಆರು ಗಂಟೆಗೂ ಮೇಲೆ ಕಾರಿನಲ್ಲಿ ಕೂತು ಅತ್ತೆಯ ಕಾಲು ಊದಿಕೊಂಡಿತು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಆ ರಾತ್ರಿ ಚಿದಂಬರಂನಲ್ಲೇ ರೂಮು ಹಿಡಿಯಿರಿ. ಮಾರನೇ ದಿನ ಅಲ್ಲಿಂದಲೇ ಸೇಲಂ ಮೇಲೆ ಬೆಂಗಳೂರಿಗೆ ಬರಬಹುದು.