ಮೊದಲು ಮದುವೆ ಕಲಿಯಿರಿ, ಆಮೇಲೆ ಕ್ಯಾಮೆರಾ

ಗಟ್ಟಿಮೇಳ ಶುರುವಾಯಿತೆಂದರೆ ಫೋಟೊದವನ ಕೈಲಿರುವುದು ಕೆಲವೇ ಸೆಕೆಂಡು. ಓಲಗ ಏರುತ್ತದೆ, ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ, ಹುಡುಗ ತಾಳಿಯ ಗಂಟು ಹಾಕುತ್ತಿರುತ್ತಾನೆ. ಸರಿಯಾಗಿ ಅದೇ ಹೊತ್ತಿಗೆ ಯಾರೋ ದೊಡ್ಡಪ್ಪ ಮೊಬೈಲ್ ಎತ್ತಿಕೊಂಡು ನಿಮ್ಮ ಲೆನ್ಸಿಗೆ ಅಡ್ಡ ನಿಲ್ಲುತ್ತಾರೆ. ‘ಇನ್ನೊಂದು ಸಲ ಕಟ್ಟಪ್ಪಾ’ ಅನ್ನುವ ಹಾಗಿಲ್ಲ. ಹೊಸಬರನ್ನು ನಂಬಿ ಯಾರೂ ಮದುವೆ ಕೆಲಸ ಕೊಡದಿರುವುದು ಇದಕ್ಕೇ. ಕೆಲಸ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು? ಬರುವ ದಾರಿಗಳಿವೆ, ಆದರೆ ಮೊದಲನೆಯದಕ್ಕೆ ಕ್ಯಾಮೆರಾವೇ ಬೇಡ.

ಬರಿಗೈಯಲ್ಲಿ ಹೋಗಿ

ನೆಂಟರ ಮನೆಯ ಮುಂದಿನ ಮದುವೆಯಲ್ಲಿ ಊಟದ ಹಾಲ್ ಬಿಟ್ಟು ಮಂಟಪದ ಪಕ್ಕ ಕೂರಿ. ವರಪೂಜೆ, ನಾಂದಿ, ಕಾಶಿಯಾತ್ರೆ, ಜೀರಿಗೆ ಬೆಲ್ಲ, ಧಾರೆ, ಮಾಂಗಲ್ಯಧಾರಣೆ, ಲಾಜಹೋಮ, ಸಪ್ತಪದಿ, ಅರುಂಧತಿ ದರ್ಶನ: ಯಾವುದರ ಹಿಂದೆ ಯಾವುದು ಬರುತ್ತದೆ, ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಊರಿಂದ ಊರಿಗೆ, ಜಾತಿಯಿಂದ ಜಾತಿಗೆ ಕ್ರಮ ಬದಲಾಗುತ್ತದೆ, ಹಾಗಾಗಿ ಒಂದು ಚೀಟಿ ಸಾಲದು.

ಈ ಕೆಲಸದಲ್ಲಿ ಕಣ್ಣಿಗಿಂತ ಕಿವಿ ಮುಂದಿರಬೇಕು. ಅಂತರಪಟ ಹಿಡಿದಾಗ ಮಂಗಳಾಷ್ಟಕ ಹೇಳುತ್ತಾರಲ್ಲ, ಒಂದೊಂದು ಶ್ಲೋಕವೂ ‘ಕುರ್ಯಾತ್ ಸದಾ ಮಂಗಲಂ’ ಅಂತ ಮುಗಿಯುತ್ತದೆ. ಕೊನೆಯ ಶ್ಲೋಕ ಯಾವುದೆಂದು ಪುರೋಹಿತರನ್ನು ಮೊದಲೇ ಕೇಳಿಟ್ಟುಕೊಂಡವನು ಪಟ ಸರಿಯುವ ಮುಂಚೆಯೇ ಹುಡುಗಿಯ ಮುಖಕ್ಕೆ ಫೋಕಸ್ ಹಿಡಿದು ಕಾಯುತ್ತಿರುತ್ತಾನೆ. ಕೇಳದವನಿಗೆ ಸಿಗುವುದು ತಲೆ ಮೇಲೆ ಜೀರಿಗೆ ಬೆಲ್ಲ ಬಿದ್ದಾದ ನಂತರದ ನಗು. ಅದೂ ಚೆನ್ನಾಗಿರುತ್ತದೆ ಅನ್ನಿ, ಆದರೆ ಆಲ್ಬಂ ತೆರೆದವರು ಹುಡುಕುವುದು ಅದರ ಹಿಂದಿನ ಕ್ಷಣವನ್ನು.

ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಹಿರಿಯರೇ ಹರಸುತ್ತಾರೆ. ಶಾಸ್ತ್ರಕ್ಕೆಂದು ನೆಟ್ಟ ಬಾಳೆ ದಿಂಡು ಕಡಿಯುವಾಗ ಕತ್ತಿ ಬೀಸುವ ದಿಕ್ಕಿನಿಂದ ದೂರ ನಿಂತಿರಿ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ಹುಡುಗ, ಹುಡುಗಿಗೆ ತೆಂಗಿನಹಾಲು ಹಚ್ಚುತ್ತಾರೆ, ಲೆನ್ಸ್ ಒರೆಸುವ ಬಟ್ಟೆ ಜೇಬಿನಲ್ಲಿರಲಿ. ಚರ್ಚಿನೊಳಗೆ ಫ್ಲ್ಯಾಶ್ ಹಾಕಬಹುದೇ ಅಂತ ಪಾದ್ರಿಗಳನ್ನು ಮೊದಲೇ ಕೇಳಿ. ಅನೇಕ ನಿಕಾಹ್‌ಗಳಲ್ಲಿ ಹೆಂಗಸರ ಕಡೆಗೆ ಗಂಡು ಫೋಟೊಗ್ರಾಫರ್‌ಗೆ ಪ್ರವೇಶವಿರುವುದಿಲ್ಲ. ಈ ಕಸುಬಿಗೆ ಬರುವ ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸ ಕಾದಿದೆ, ಆದರೂ ಬರುವವರು ಕಡಿಮೆ.

ಲೈಟ್ ಹಿಡಿಯಿರಿ

ಊರಿನ ಒಂದು ಸ್ಟುಡಿಯೋಕ್ಕೆ ಹೋಗಿ, ‘ಸರ್, ಈ ಸೀಸನ್ ಲೈಟ್ ಹಿಡಿಯೋಕೆ ಬರ್ತೀನಿ’ ಅನ್ನಿ. ಬಸ್ ಚಾರ್ಜು, ಊಟ, ಕೈಗೊಂದಿಷ್ಟು ದುಡ್ಡು ಸಿಕ್ಕರೆ ಸಾಕು. ನಾನು ಶುರು ಮಾಡಿದ್ದೂ ಹೀಗೆಯೇ. ಎರಡನೆಯ ಮದುವೆಯಲ್ಲಿ ಧಾರೆ ಎರೆಯುವಾಗ ಹುಡುಗಿಯ ಅಪ್ಪನ ಕೈ ನಡುಗುವುದನ್ನು ನೋಡುತ್ತಾ ಮೈಮರೆತೆ, ಹಿಡಿದ ಲೈಟು ನಿಧಾನಕ್ಕೆ ಕೆಳಗಿಳಿಯಿತು. ಹುಡುಗಿಯ ಮುಖವೆಲ್ಲ ಕತ್ತಲು. ನಮ್ಮ ಮೇಷ್ಟ್ರು ಬೈಯಲಿಲ್ಲ. ಮರುದಿನ ಕಂಪ್ಯೂಟರ್ ಮುಂದೆ ಕೂರಿಸಿ, ಅಷ್ಟೂ ಫೋಟೊಗಳನ್ನು ನೀನೇ ಸರಿಮಾಡು ಅಂದರು. ಸಂಜೆಯವರೆಗೆ ಮುಖ ಬೆಳಗಿಸುತ್ತಾ ಕೂತವನಿಗೆ ಲೈಟು ಎಷ್ಟು ಎತ್ತರದಲ್ಲಿರಬೇಕೆಂದು ಯಾವ ಕ್ಲಾಸೂ ಹೇಳಿಕೊಡಬೇಕಾಗಲಿಲ್ಲ. ಅದಕ್ಕೇ ಹೇಳುವುದು, ಲೈಟ್ ಹಿಡಿದ ಮದುವೆಯ ಎಡಿಟಿಂಗಿಗೂ ಕೂರಿ.

ಛತ್ರದ ಬೆಳಕು

ಹೊಸಬರು ಸೋಲುವುದು ಇಲ್ಲಿ. ಮಂಟಪದಲ್ಲಿ ಹಳದಿ ಬಲ್ಬು, ಚಾವಣಿಯಲ್ಲಿ ಬಿಳಿ ಎಲ್‌ಇಡಿ, ಹಿಂದೆ ಡೆಕೊರೇಷನ್‌ನವರ ನೇರಳೆ ಲೈಟು, ಹೋಮ ಶುರುವಾದರೆ ಜೊತೆಗೆ ಹೊಗೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ಎಷ್ಟೋ ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಫೋಟೊದಲ್ಲಿ ಅಡ್ಡಗೆರೆ ಕಂಡರೆ ಶಟರ್ ವೇಗವನ್ನು 1/100 ಸೆಕೆಂಡಿಗೆ ಇಳಿಸಿ ನೋಡಿ. ಚಾವಣಿ ಬಿಳಿಯಾಗಿದ್ದು ತೀರಾ ಎತ್ತರವಿಲ್ಲದಿದ್ದರೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ, ಬೆಳಕು ಮೆತ್ತಗೆ ಇಳಿಯುತ್ತದೆ. ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ತೆಗೆಯಿರಿ, ಬಣ್ಣ ಕೆಟ್ಟರೂ ಆಮೇಲೆ ಸರಿಪಡಿಸಲು ಜಾಗವಿರುತ್ತದೆ.

ಸಾಲ ಮಾಡಿ ದೊಡ್ಡ ಲೆನ್ಸ್ ಕೊಳ್ಳಬೇಡಿ. ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಾಡಿ, 50 ಎಂಎಂ ಎಫ್/1.8 ಲೆನ್ಸ್, ಒಂದು ಫ್ಲ್ಯಾಶ್ ಇದ್ದರೆ ಆಯಿತು, ಉಳಿದದ್ದಕ್ಕೆ ಬಾಡಿಗೆ ಅಂಗಡಿಗಳಿವೆ.

ಸಣ್ಣ ಕಾರ್ಯಗಳಿಂದ ಶುರು

ನಾಮಕರಣ, ಸೀಮಂತ, ಗೃಹಪ್ರವೇಶ ಒಪ್ಪಿಕೊಳ್ಳಿ. ಮನೆಯ ಇಕ್ಕಟ್ಟಿನಲ್ಲಿ ತೆಗೆದು ಅಭ್ಯಾಸವಾದವನಿಗೆ ಛತ್ರ ಮೈದಾನದಂತೆ ಕಾಣುತ್ತದೆ. ಗೆಳೆಯರು ಯಾರಾದರೂ ಕುವೆಂಪು ಅವರ ಮಂತ್ರಮಾಂಗಲ್ಯದಂತೆ ಮದುವೆಯಾಗುವವರಿದ್ದರೆ ನೀವೇ ಕೇಳಿಕೊಂಡು ಹೋಗಿ. ಪುರೋಹಿತರಿಲ್ಲದೆ, ವಧೂವರರಿಗೆ ಪ್ರತಿಜ್ಞೆ ಓದಿಸುವ ಸರಳ ಮದುವೆ ಅದು. ಗದ್ದಲ ಕಡಿಮೆ, ಮುಖಗಳನ್ನು ನೋಡಲು ಪುರುಸೊತ್ತಿರುತ್ತದೆ. ಆಷಾಢ, ಧನುರ್ಮಾಸದಲ್ಲಿ ಮುಹೂರ್ತಗಳಿರುವುದಿಲ್ಲ. ಆಲ್ಬಂ ಡಿಸೈನ್ ಕಲಿಯಲು ಆ ದಿನಗಳೇ ಸರಿ.

ಇದಾದ ಮೇಲೆ ಹಿರಿಯರೊಬ್ಬರ ಜೊತೆ ಎರಡನೇ ಕ್ಯಾಮೆರಾ ಹಿಡಿಯಿರಿ. ಅವರು ತಾಳಿಯ ಮೇಲಿದ್ದರೆ ನೀವು ಅಮ್ಮಂದಿರ ಮೇಲಿರಿ. ನೀವು ತೆಗೆದದ್ದನ್ನು ನಿಮ್ಮ ಹೆಸರಲ್ಲಿ ತೋರಿಸಿಕೊಳ್ಳಬಹುದೇ ಎಂದು ಅವರನ್ನೂ ಮದುವೆ ಮನೆಯವರನ್ನೂ ಮೊದಲೇ ಕೇಳಿ. ಎಷ್ಟೋ ಗುರು-ಶಿಷ್ಯರು ಮಾತು ಬಿಟ್ಟಿರುವುದು ಇದೊಂದು ವಿಷಯಕ್ಕೆ.

ನಿಮ್ಮದೇ ಮೊದಲ ಮದುವೆ

ಎಷ್ಟು ದಿನದ ಕೆಲಸ, ಆಲ್ಬಂ ಎಷ್ಟು ಹಾಳೆಯದು, ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ ಎಂಬುದೆಲ್ಲ ಕಾಗದದ ಮೇಲಿರಲಿ, ನೆಂಟರಾದರೂ ಸರಿ. ಹಿಂದಿನ ದಿನವೇ ಛತ್ರ ನೋಡಿ ಬನ್ನಿ. ಎರಡೂ ಮನೆಯ ಹತ್ತಿರದವರನ್ನು ಗುರುತಿಸಿ ಕೊಡಲು ಒಬ್ಬ ಚುರುಕಾದ ಚಿಕ್ಕಮ್ಮನನ್ನೋ ಅತ್ತಿಗೆಯನ್ನೋ ಗೊತ್ತು ಮಾಡಿಕೊಳ್ಳಿ. ಸೋದರಮಾವನ ಫೋಟೊ ಬಿಟ್ಟುಹೋದರೆ ಉಳಿದ ಸಾವಿರ ಫೋಟೊ ಲೆಕ್ಕಕ್ಕೆ ಬರುವುದಿಲ್ಲ. ಪುರೋಹಿತರಿಗೆ ನಮಸ್ಕಾರ ಹೇಳಿ, ‘ತಾಳಿ ಕಟ್ಟುವಾಗ ಎದುರಿಗೆ ಸ್ವಲ್ಪ ಜಾಗ ಮಾಡಿಸಿಕೊಡಿ’ ಎಂದು ಕೇಳಿಕೊಳ್ಳಿ. ಅವರು ಒಂದು ಮಾತು ಗದರಿದರೆ ದೊಡ್ಡಪ್ಪನೂ ಸರಿಯುತ್ತಾರೆ. ವಿಡಿಯೋದವರ ಜೊತೆಗೂ ಯಾರು ಯಾವ ಕಡೆ ಅಂತ ಮಾತಾಡಿಕೊಳ್ಳಿ. ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿ, ಕೊನೆಯದಕ್ಕೆ ಕಾದರೆ ಆರತಕ್ಷತೆ ಹೊತ್ತಿಗೆ ಕೈ ನಡುಗುತ್ತದೆ.

ಮನೆಗೆ ಬಂದವರೇ, ಎಷ್ಟೇ ನಿದ್ದೆ ಬರಲಿ, ಫೋಟೊಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ. ಆಲ್ಬಂ ಅವರ ಮನೆ ಸೇರುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ.