ಬಟನ್ ಸೆಲ್ ಬಿಚ್ಚುವ ಮೊದಲು ಟೇಪ್ ಕತ್ತರಿಸಿಟ್ಟುಕೊಳ್ಳಿ

ರಿಮೋಟಿಗೆ ಹೊಸ ಬಟನ್ ಸೆಲ್ (ನಾಣ್ಯದಂಥ ಚಪ್ಪಟೆ ಬ್ಯಾಟರಿ) ಹಾಕಿ, ಹಳೆಯದನ್ನು ಟಿವಿ ಸ್ಟ್ಯಾಂಡಿನ ಮೇಲಿಟ್ಟು 'ಆಮೇಲೆ ಬಿಸಾಡೋಣ' ಎಂದು ಎದ್ದುಹೋಗುವವರನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕೆಳಗೆ ಕೂಸು ಅಂಬೆಗಾಲಿಡುತ್ತಿರುತ್ತದೆ.

ಮೊದಲು ಇಂಥ ಸೆಲ್ ಎಲ್ಲೆಲ್ಲಿವೆ ಹುಡುಕಿ: ಕಾರಿನ ಕೀ, ಥರ್ಮಾಮೀಟರ್, ದೀಪಾವಳಿಯ ಎಲ್‌ಇಡಿ ಹಣತೆ, ಜಾತ್ರೆಯ ಲೇಸರ್ ಲೈಟು.

ಆಮೇಲೆ ಮುಚ್ಚಳ ನೋಡಿ. ಉಗುರಿಗೇ ಬಿಚ್ಚಿಕೊಂಡರೆ ಆ ವಸ್ತು ಅಟ್ಟಕ್ಕೆ. ಅಮೆರಿಕದಲ್ಲಿ ಸೆಲ್ ನುಂಗಿ ತೀರಿಕೊಂಡ ಹದಿನೆಂಟು ತಿಂಗಳ ಮಗುವಿನ ಹೆಸರಿನಲ್ಲೇ 2022ರಲ್ಲಿ 'ರೀಸ್ ಕಾಯ್ದೆ' ಬಂತು. ಅದರಡಿಯ ನಿಯಮದ ಪ್ರಕಾರ ಮುಚ್ಚಳ ತೆಗೆಯಲು ಸ್ಕ್ರೂಡ್ರೈವರ್, ನಾಣ್ಯದಂಥದ್ದು ಬೇಕು. ಇಲ್ಲವೇ ಒಟ್ಟೊಟ್ಟಿಗೆ ಒತ್ತಿ ತಿರುಗಿಸುವಂಥ ಎರಡು ಕೆಲಸ ಮಾಡಬೇಕು. ನಮ್ಮಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಹಣತೆ ಆಟಿಕೆಯಲ್ಲವಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು. ಸ್ಕ್ರೂ ಕಳೆದಿದೆಯೆಂದು ರಬ್ಬರ್ ಬ್ಯಾಂಡ್ ಸುತ್ತುವ ಜಾಣತನ ಬೇಡ.

ಸೆಲ್ ಬದಲಿಸುವಾಗಲೂ ಎಡವಟ್ಟಾಗುತ್ತದೆ. ಮಗು ಮಲಗಿದ ಮೇಲೆ, ಮೇಜಿನ ಮೇಲೆ ಮಾಡಿ. ನೆಲದ ಮೇಲಾದರೆ ಸೆಲ್ ಉರುಳಿ ಸೋಫಾದಡಿ ಸೇರುತ್ತದೆ. ಹಳೆಯದು ಹೊರಬಂದ ತಕ್ಷಣ, ಹೊಸದನ್ನು ಹಾಕುವುದಕ್ಕೂ ಮುಂಚೆ, ಎರಡೂ ಬದಿಗೆ ಟೇಪ್ ಅಂಟಿಸಿ. ರಿಮೋಟ್ ನಡೆಸಲಾಗದ ಸೆಲ್ಲಿನಲ್ಲೂ ಅನ್ನನಾಳ ಸುಡುವಷ್ಟು ಕರೆಂಟ್ ಉಳಿದಿರುತ್ತದೆ. 2032 ಎಂದು ಬರೆದ ಸೆಲ್ಲಿನ ಅಗಲ 20 ಮಿ.ಮೀ.; ಪುಟ್ಟ ಗಂಟಲಲ್ಲಿ ಸಿಕ್ಕಿಕೊಳ್ಳಲು ಅದು ಸಾಕು. ಅಲ್ಲಿನ ತೇವದಿಂದ ಕರೆಂಟ್ ಹರಿದು, ಸೆಲ್ಲಿನ ಋಣ ಬದಿಯಲ್ಲಿ ಕ್ಷಾರ ಹುಟ್ಟಿ, ಎರಡೇ ಗಂಟೆಯಲ್ಲಿ ಆಳವಾದ ಸುಟ್ಟಗಾಯವಾಗಬಹುದು. ಟೇಪ್ ಸುತ್ತಿದ್ದನ್ನೂ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಮೇಲಿಡಿ, ಇ-ತ್ಯಾಜ್ಯದವರಿಗೆ ಕೊಡಿ.

ಹೊಸ ಪ್ಯಾಕಿನಿಂದ ಒಂದನ್ನೇ ತೆಗೆದು ಉಳಿದದ್ದನ್ನು ಬೀರುವಿಗೆ ಸೇರಿಸಿ. ಕತ್ತರಿಯಿಲ್ಲದೆ ತೆರೆಯಲಾಗದ ಪ್ಯಾಕನ್ನು ಎಲ್ಲರೂ ಬೈಯುತ್ತಾರೆ. ನಾನು ಕೊಳ್ಳುವುದು ಅದನ್ನೇ. ಮಾತ್ರೆಯಂತೆ ಒತ್ತಿದರೆ ಉದುರುವ ಅಗ್ಗದ ಪಟ್ಟಿ ಮನೆಗೆ ತರಲೇಬೇಡಿ.

ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ನೇರ ದೊಡ್ಡಾಸ್ಪತ್ರೆಗೆ ಹೊರಡಿ. ವಾಂತಿ ಮಾಡಿಸಬೇಡಿ. ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಿ ಕೆಳಗಿಳಿಸುವ ಅಜ್ಜಿ ಉಪಾಯ ಇಲ್ಲಿ ಬೇಡ. ವರ್ಷ ತುಂಬಿದ ಮಗು ನುಂಗಿ 12 ಗಂಟೆ ಮೀರಿಲ್ಲದಿದ್ದರೆ, ನುಂಗಲು ಆಗುತ್ತಿದ್ದರೆ, ದಾರಿಯಲ್ಲೇ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲದವರೆಗೆ. ಜೇನು ಹುಡುಕುತ್ತಾ ಮನೆಯಲ್ಲಿ ನಿಲ್ಲಬೇಡಿ. ಎಕ್ಸ್‌ರೇಯಲ್ಲಿ ಸೆಲ್ ನಾಣ್ಯದಂತೆಯೇ ಕಾಣುತ್ತದೆ, ಅಂಚಿನಲ್ಲಿ ಜೋಡಿ ಉಂಗುರವಿರುತ್ತದೆ ಅಷ್ಟೆ. ಹಾಗಾಗಿ ಬಾಗಿಲಲ್ಲೇ 'ಸೆಲ್ ನುಂಗಿದೆ' ಎನ್ನಿ, ಖಾಲಿ ಪ್ಯಾಕನ್ನೂ ಕೈಯಲ್ಲಿ ಹಿಡಿದು ಹೋಗಿ.