ಬ್ರೌಸರ್‌ಗೆ ಮಾಲ್ಟೀಸ್ ಸೇರಿಸಿದರೆ ಸಾಲದು, ಮೇಲಕ್ಕೇರಿಸಬೇಕು

ಮಾಲ್ಟಾದಲ್ಲಿ ನರ್ಸ್ ಆಗಿರುವ ನನ್ನ ಅಕ್ಕನ ಮಗಳು ಮೊನ್ನೆ ವಿಡಿಯೊ ಕಾಲ್ ಮಾಡಿದಳು. “ಮಾಮಾ, ಮಾಲ್ಟೀಸ್ ಸೇರಿಸಿದೀನಿ. ಆದ್ರೂ ಎಲ್ಲ ಇಂಗ್ಲಿಷಲ್ಲೇ ಬರ್ತಿದೆ” ಅಂದಳು. ಸ್ಕ್ರೀನ್ ತೋರಿಸು ಅಂದೆ. ಬ್ರೌಸರ್‌ನ ಭಾಷಾ ಪಟ್ಟಿಯಲ್ಲಿ ಮಾಲ್ಟೀಸ್ ಇತ್ತು, ಆದರೆ ಕಟ್ಟಕಡೆಯಲ್ಲಿ. ಅವಳ ಜೊತೆಗಿರುವ ಇನ್ನಿಬ್ಬರದ್ದೂ ಇದೇ ಕತೆ. ಅವರಲ್ಲಿ ಒಬ್ಬರು ಮಾಲ್ಟೀಸ್ ಎಂದುಕೊಂಡು ಮಲಯಾಳಂ ಸೇರಿಸಿಬಿಟ್ಟಿದ್ದರು.

ಮಾಲ್ಟಾದಲ್ಲಿ ಇಂಗ್ಲಿಷೂ ಅಧಿಕೃತ ಭಾಷೆಯೇ. ಹಾಗಾಗಿ ಅಲ್ಲಿಗೆ ಹೋದವರು ಇಂಗ್ಲಿಷಿನಲ್ಲೇ ಕಾಲ ಕಳೆಯಬಹುದು. ಆದರೆ ಊರಿನವರ ಮನೆಮಾತು ಮಾಲ್ಟೀಸ್. ಅರಬ್ಬಿಯ ಬಳಗದ ಈ ಭಾಷೆಯನ್ನು ಬರೆಯುವುದು ಮಾತ್ರ ಲ್ಯಾಟಿನ್ ಅಕ್ಷರಗಳಲ್ಲಿ. 2004ರಿಂದ ಅದು ಯುರೋಪಿಯನ್ ಯೂನಿಯನ್ನಿನ ಅಧಿಕೃತ ಭಾಷೆಯೂ ಹೌದು. ಹಾಗಾಗಿ ಓದಲು ಸಿಗುವ ಪುಟಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇವೆ. ಕಲಿಯಬೇಕು ಅನ್ನುವವರು ಬ್ರೌಸರ್‌ನಲ್ಲಿ ಮಾಲ್ಟೀಸ್ ಕೇಳಲೇಬೇಕು.

ಕ್ರೋಮ್‌ನಲ್ಲಿ ಸೇರಿಸುವುದು ಸುಲಭ. ಸೆಟ್ಟಿಂಗ್ಸ್, ಲ್ಯಾಂಗ್ವೇಜಸ್, ಆ್ಯಡ್ ಲ್ಯಾಂಗ್ವೇಜಸ್. ಹುಡುಕುವ ಜಾಗದಲ್ಲಿ ಮಾಲ್ಟೀಸ್ ಎಂದು ಇಂಗ್ಲಿಷಿನಲ್ಲಿ ಪೂರ್ತಿ ಟೈಪ್ ಮಾಡಿ. ಪಟ್ಟಿಯನ್ನು ಕೈಯಲ್ಲಿ ಸರಿಸುತ್ತಾ ಹೋಗಬೇಡಿ. ಮಲಯ್, ಮಲಯಾಳಂ, ಮಾಲ್ಟೀಸ್, ಮರಾಠಿ ಎಲ್ಲ ಅಲ್ಲಿ ಹತ್ತಿರ ಹತ್ತಿರವೇ ಇರುತ್ತವೆ, ಬೆರಳು ತಪ್ಪುತ್ತದೆ. ಎಲ್ಲಾದರೂ ಭಾಷೆಯ ಕೋಡ್ ಕೇಳಿದರೆ ಮಾಲ್ಟೀಸ್‌ಗೆ ‘ಎಂಟಿ’. ಮಲಯಾಳಂಗೆ ‘ಎಂಎಲ್’. ಮಾಲ್ಟಾದ ವೆಬ್ ವಿಳಾಸಗಳ ಕೊನೆಯಲ್ಲೂ ಇದೇ ‘ಎಂಟಿ’ ಇರುತ್ತದೆ, ಅದನ್ನು ನೆನಪಿಟ್ಟರೆ ಸಾಕು.

ಇನ್ನು ಎಲ್ಲರೂ ಎಡವುವ ಜಾಗ. ಬ್ರೌಸರ್ ಒಂದು ಪುಟ ಕೇಳುವಾಗ ಜೊತೆಗೆ ಒಂದು ಸಣ್ಣ ಸಾಲನ್ನೂ ಕಳಿಸುತ್ತದೆ. ಅದರ ಹೆಸರು ‘ಆ್ಯಕ್ಸೆಪ್ಟ್ ಲ್ಯಾಂಗ್ವೇಜ್’. ನಿಮ್ಮ ಪಟ್ಟಿಯ ಭಾಷೆಗಳು ಸಾಮಾನ್ಯವಾಗಿ ಅದರಲ್ಲಿ ಅದೇ ಕ್ರಮದಲ್ಲಿ ಇರುತ್ತವೆ. ಒಂದೊಂದಕ್ಕೂ ಒಂದು ತೂಕ: ಉದಾಹರಣೆಗೆ ಮೊದಲ ಭಾಷೆಗೆ 1, ಆಮೇಲಿನದಕ್ಕೆ 0.9, ನಂತರ 0.8, ಹೀಗೆ ಇಳಿಯುತ್ತದೆ. ಆ ಕಡೆಯ ಸರ್ವರ್, ಅಂದರೆ ಪುಟ ಕಳಿಸುವ ಕಂಪ್ಯೂಟರ್, ಮೇಲಿನಿಂದ ನೋಡುತ್ತಾ ಬಂದು, ತನ್ನಲ್ಲಿರುವ ಮೊದಲ ಭಾಷೆಯನ್ನು ಕೊಡುತ್ತದೆ. ಇಂಗ್ಲಿಷ್ ಮೇಲಿದ್ದರೆ ಅದು ಬಹುತೇಕ ಎಲ್ಲ ಕಡೆ ಸಿಕ್ಕಿಯೇ ಬಿಡುತ್ತದೆ. ಕೆಳಗಿರುವ ಮಾಲ್ಟೀಸ್‌ವರೆಗೆ ಸರ್ವರ್ ಬರುವುದೇ ಇಲ್ಲ. ಕನ್ನಡವನ್ನು ಸೇರಿಸಿಯೂ ಇಂಗ್ಲಿಷ್ ಪುಟವೇ ಬರುತ್ತದೆ ಅನ್ನುವವರದ್ದೂ ಎಷ್ಟೋ ಸಲ ಇದೇ ತೊಂದರೆ, ಅಲ್ವಾ?

ಹಾಗಾಗಿ ಮಾಲ್ಟೀಸ್ ಪಕ್ಕದ ಮೂರು ಚುಕ್ಕೆ ಒತ್ತಿ ‘ಮೂವ್ ಟು ದ ಟಾಪ್’ ಆರಿಸಿ. ಎರಡನೆಯದಾಗಿ ಇಂಗ್ಲಿಷ್ ಇರಲೇಬೇಕು. ಉತ್ಸಾಹದಲ್ಲಿ ಅದನ್ನು ಅಳಿಸಬೇಡಿ. ಮಾಲ್ಟೀಸ್ ಇಲ್ಲದ ಪುಟಕ್ಕೆ ಹೋದಾಗ ನಿಮಗೆ ಓದಲು ಬಾರದ ಇನ್ನಾವುದೋ ಭಾಷೆ ಎದುರಾಗಬಹುದು. ಇಂಗ್ಲಿಷಿನಲ್ಲೂ ಅಮೆರಿಕದ್ದಲ್ಲ, ಬ್ರಿಟನ್ನಿನದನ್ನೇ ಇಡಿ. ಮಾಲ್ಟಾದಲ್ಲೂ ನಮ್ಮಲ್ಲಿಯಂತೆ ದಿನ ಮೊದಲು, ತಿಂಗಳು ಆಮೇಲೆ. ಅಪಾಯಿಂಟ್‌ಮೆಂಟ್ ತಾರೀಖು ಅದಲು ಬದಲಾದರೆ ಕಷ್ಟ. ಮೂರನೆಯದು ಕನ್ನಡ.

ಫೈರ್‌ಫಾಕ್ಸ್‌ನಲ್ಲಿ ಗೊಂದಲ ಬೇರೆ. ಅಲ್ಲಿ ಭಾಷೆಗೆ ಎರಡು ಆಯ್ಕೆ ಇವೆ. ಒಂದು ಬ್ರೌಸರ್‌ನ ಮೆನುಗಳಿಗೆ, ಇನ್ನೊಂದು ವೆಬ್ ಪುಟಗಳಿಗೆ. ನಮಗೆ ಬೇಕಾದದ್ದು ಪುಟಗಳದ್ದು. ‘ಚೂಸ್’ ಒತ್ತಿ, ಮಾಲ್ಟೀಸ್ ಆರಿಸಿ, ‘ಆ್ಯಡ್’ ಕೊಡಿ. ಮೇಲೆ ಕೂತಿಲ್ಲದಿದ್ದರೆ ‘ಮೂವ್ ಅಪ್’. ಕೊನೆಗೆ ‘ಓಕೆ’ ಒತ್ತಲೇಬೇಕು. ಸುಮ್ನೆ ಕಿಟಕಿ ಮುಚ್ಚಿದರೆ ಮಾಡಿದ್ದೆಲ್ಲ ಹೋಯಿತು.

ಆಂಡ್ರಾಯ್ಡ್‌ನ ಕ್ರೋಮ್‌ನಲ್ಲೂ ಸೆಟ್ಟಿಂಗ್ಸ್ ಒಳಗೆ ಲ್ಯಾಂಗ್ವೇಜಸ್ ಇದೆ. ಐಫೋನಿನ ಸಫಾರಿಗೆ ಬೇರೆ ಪಟ್ಟಿ ಇಲ್ಲ, ಫೋನಿನ ಭಾಷಾ ಪಟ್ಟಿಯನ್ನೇ ಅದು ಬಳಸುತ್ತದೆ.

ಒಂದೇ ಕ್ಲಿಕ್‌ನಲ್ಲಿ ಭಾಷೆ ಬದಲಿಸುತ್ತೇವೆ ಅನ್ನುವ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಮ್‌ಗಳು, ಬೇಡವೇ ಬೇಡ. ಅವುಗಳಲ್ಲಿ ಎಷ್ಟೋ ನೀವು ನೋಡುವ ಎಲ್ಲ ಪುಟಗಳನ್ನೂ ಓದಲು ಅನುಮತಿ ಕೇಳುತ್ತವೆ. ಬ್ಯಾಂಕಿನ ಪುಟವೂ ಅದರಲ್ಲಿ ಬಂತು. ಎರಡು ನಿಮಿಷದ ಕೆಲಸಕ್ಕೆ ಅಷ್ಟು ಬೆಲೆ ಕೊಡಬೇಡಿ.

ಸರಿಯಾಯಿತೇ ಎಂದು ನೋಡಲು ವಿಕಿಪೀಡಿಯಾದ ಮುಖಪುಟ ತೆರೆಯಿರಿ, ಭೂಗೋಳದ ಸುತ್ತ ಭಾಷೆಗಳ ಹೆಸರಿರುವ ಪುಟ. ಅಲ್ಲಿ ‘ಮಾಲ್ತಿ’ ಕಾಣಬೇಕು. ಮಾಲ್ಟೀಸರು ತಮ್ಮ ಭಾಷೆಯನ್ನು ಕರೆಯುವುದು ಹಾಗೆ. ಪೂರ್ತಿ ಖಾತ್ರಿ ಬೇಕಾದರೆ ಎಫ್12 ಒತ್ತಿ, ‘ನೆಟ್‌ವರ್ಕ್’ಗೆ ಹೋಗಿ, ಪುಟವನ್ನು ರಿಫ್ರೆಶ್ ಮಾಡಿ. ಪಟ್ಟಿಯ ಮೊದಲ ಸಾಲನ್ನು ಒತ್ತಿದರೆ ಆ್ಯಕ್ಸೆಪ್ಟ್ ಲ್ಯಾಂಗ್ವೇಜ್ ಸಿಗುತ್ತದೆ. ಅದು ‘ಎಂಟಿ’ಯಿಂದ ಶುರುವಾಗಬೇಕು.

ಇಷ್ಟಾದರೂ ಕೆಲವು ಪುಟಗಳು ಇಂಗ್ಲಿಷ್ ಬಿಡುವುದಿಲ್ಲ. ಅವು ಬ್ರೌಸರ್ ಹೇಳಿದ್ದನ್ನು ನೋಡುವುದಿಲ್ಲ, ಹಿಂದೆ ನೀವು ಆರಿಸಿದ ಭಾಷೆಯನ್ನು ಕುಕಿಯಲ್ಲಿ, ಅಂದರೆ ನಿಮ್ಮ ಬ್ರೌಸರ್‌ನಲ್ಲೇ ಉಳಿಸುವ ಸಣ್ಣ ಟಿಪ್ಪಣಿಯಲ್ಲಿ, ಇಟ್ಟುಕೊಂಡಿರುತ್ತವೆ. ಆ ಒಂದು ಸೈಟಿನ ಕುಕಿಯನ್ನು ಮಾತ್ರ ಅಳಿಸಿ, ಎಲ್ಲವನ್ನೂ ಅಲ್ಲ. ಇನ್ನು ಕೆಲವು ಕಡೆ ಭಾಷೆ ವಿಳಾಸದಲ್ಲೇ ಇರುತ್ತದೆ. ಯುರೋಪಿಯನ್ ಯೂನಿಯನ್ನಿನ ಪುಟಗಳ ವಿಳಾಸ ಸಾಮಾನ್ಯವಾಗಿ ‘ಇಎನ್’ ಎಂದು ಮುಗಿಯುತ್ತದೆ. ಅದನ್ನು ಅಳಿಸಿ ‘ಎಂಟಿ’ ಹಾಕಿ. ಅನುವಾದ ಇರುವ ಪುಟವಾದರೆ ಮಾಲ್ಟೀಸ್‌ನಲ್ಲಿ ತೆರೆಯುತ್ತದೆ. ಅಲ್ಲಿ ಒಂದೇ ಪುಟವನ್ನು ಎರಡು ಟ್ಯಾಬ್‌ನಲ್ಲಿ, ಎರಡು ಭಾಷೆಯಲ್ಲಿ ಇಟ್ಟು ಓದಿ. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ಮಾಲ್ಟೀಸ್ ಸೇರಿಸಿದ ಮೇಲೆ ಕ್ರೋಮ್ ‘ಈ ಪುಟ ಅನುವಾದಿಸಲೇ?’ ಎಂದು ಕೇಳುವುದನ್ನು ನಿಲ್ಲಿಸಬಹುದು. ಪಟ್ಟಿಗೆ ಸೇರಿಸಿದ ಭಾಷೆ ನಿಮಗೆ ಬರುತ್ತದೆ ಎಂದು ಅದು ತಿಳಿಯುತ್ತದೆ. ಅದೇ ಲ್ಯಾಂಗ್ವೇಜಸ್ ಪುಟದ ಕೆಳಗೆ ‘ನೆವರ್ ಆಫರ್ ಟು ಟ್ರಾನ್ಸ್‌ಲೇಟ್’ ಪಟ್ಟಿ ಇದೆ. ಅದರಿಂದ ಮಾಲ್ಟೀಸ್ ತೆಗೆದುಹಾಕಿ.

ಬರೆಯುವುದು ಬೇರೆ ಕೆಲಸ. ಚುಕ್ಕೆ ಇಟ್ಟ ಸಿ, ಜಿ, ಝಡ್, ಅಡ್ಡಗೆರೆ ಎಳೆದ ಎಚ್, ಇವೆಲ್ಲ ಬ್ರೌಸರ್ ಪಟ್ಟಿಯಿಂದ ಬರುವುದಿಲ್ಲ. ವಿಂಡೋಸ್‌ನ ಭಾಷಾ ಸೆಟ್ಟಿಂಗ್ಸ್‌ನಲ್ಲಿ ಮಾಲ್ಟೀಸ್ ಕೀಬೋರ್ಡ್ ಸೇರಿಸಬೇಕು. ಅಲ್ಲಿ 47 ಕೀ, 48 ಕೀ ಎಂದು ಎರಡು ಇವೆ. ಊರಿನಿಂದ ಒಯ್ದ ಲ್ಯಾಪ್‌ಟಾಪ್ ಆದರೆ ಸಾಮಾನ್ಯವಾಗಿ 47 ಹೊಂದುತ್ತದೆ. ಮಾಲ್ಟಾದಲ್ಲೇ ಕೊಂಡಿದ್ದರೆ ಮೊದಲು 48 ಹಾಕಿ ನೋಡಿ. ಚೌಕ ಕಂಸದ ಎರಡು ಕೀಗಳಲ್ಲಿ ಚುಕ್ಕೆಯ ಜಿ ಮತ್ತು ಗೆರೆಯ ಎಚ್ ಬಂದರೆ ಕೀಬೋರ್ಡ್ ಕೆಲಸ ಮಾಡುತ್ತಿದೆ ಎಂದರ್ಥ.